ಪೇಸ್‌ಮೇಕರ್ ಜಾಗದಲ್ಲಿ ಕೀವು: ಮಾತ್ರೆ ಸಾಕಾ, ಪೂರ್ತಿ ತೆಗೆಸಲೇಬೇಕಾ?

ದಾವಣಗೆರೆ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ 71 ವರ್ಷ. ಹತ್ತಿರ ಹತ್ತು ವರ್ಷದ ಹಿಂದೆ ಹಾರ್ಟ್ ಬ್ಲಾಕ್ ಆಗಿ ಪೇಸ್‌ಮೇಕರ್ ಹಾಕಿಸಿದ್ದೆವು. ರಕ್ತನಾಳದ ಬ್ಲಾಕ್ ಅಲ್ಲ, ಹೃದಯದ ಕರೆಂಟ್ ಹರಿಯುವ ದಾರಿಯ ಬ್ಲಾಕ್. ಈ ವರ್ಷ ಬ್ಯಾಟರಿ ಮುಗಿಯುತ್ತಾ ಬಂತು ಎಂದು ಡಬ್ಬಿ ಬದಲಿಸಿದರು. ವೈರುಗಳು ಹಳೆಯವೇ. ಹೊಲಿಗೆ ಚೆನ್ನಾಗಿಯೇ ಮಾಯಿತು.

ಕೆಲವು ತಿಂಗಳು ಕಳೆದ ಮೇಲೆ ಡಬ್ಬಿಯ ಮೇಲಿನ ಚರ್ಮ ಕೆಂಪಾಯಿತು. ಈಗ ತೆಳ್ಳಗಾಗಿ ಹೊಳೆಯುತ್ತಿದೆ. ಒಂದು ಮೂಲೆಯಲ್ಲಿ ಸೂಜಿ ಮೊನೆಯಷ್ಟು ತೂತು, ಅದರಿಂದ ನೀರಿನಂಥದ್ದು ಒಸರುತ್ತದೆ. ಜ್ವರ ಇಲ್ಲ. ಊಟ, ನಿದ್ದೆ ಸರಿಯಾಗಿದೆ. ಶುಗರ್ ಮೊದಲಿನಿಂದಲೂ ಇದೆ.

ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಆಂಟಿಬಯಾಟಿಕ್ ಮಾತ್ರೆ ಕೊಟ್ಟರು. ನುಂಗುವಾಗ ಕಮ್ಮಿಯಾಗುತ್ತದೆ, ನಿಲ್ಲಿಸಿದರೆ ಮತ್ತೆ ಅದೇ. ಬೆಂಗಳೂರಿನಲ್ಲಿ ಒಬ್ಬ ಹೃದಯದ ಡಾಕ್ಟರಿಗೆ ತೋರಿಸಿದೆವು. ಡಬ್ಬಿ ಮಾತ್ರ ಅಲ್ಲ, ಹೃದಯದೊಳಗಿರುವ ವೈರುಗಳೂ ಸೇರಿ ಪೂರ್ತಿ ತೆಗೆಯಬೇಕು ಅಂದರು. ಮನೆಯಲ್ಲಿ ಎಲ್ಲರೂ ಗಾಬರಿಯಾಗಿದ್ದಾರೆ. ದೊಡ್ಡಪ್ಪ, "ಜ್ವರಾನೇ ಇಲ್ಲ, ಇಷ್ಟು ಸಣ್ಣ ತೂತಿಗೆ ಅಷ್ಟು ದೊಡ್ಡ ಆಪರೇಷನ್ ಯಾಕೆ, ತೊಳೆದು ಇನ್ನೊಂದು ಹೊಲಿಗೆ ಹಾಕಿಸಿ" ಅನ್ನುತ್ತಾರೆ. ಊರಿನ ಸರ್ಜನ್ ಒಬ್ಬರು ಸೂಜಿ ಹಾಕಿ ಕೀವು ಎಳೆದು ನೋಡೋಣ ಅಂದಿದ್ದಾರೆ. ಯಾರಾದರೂ ಇದನ್ನು ನೋಡಿದವರು, ಅನುಭವಿಸಿದವರು ಇದ್ದರೆ ದಯವಿಟ್ಟು ಹೇಳಿ.

ಕ್ಯಾತ್‌ಲ್ಯಾಬ್ ಸಿಸ್ಟರ್

ಮಗಳೇ, ಮೊದಲು ಒಂದು ಕೆಲಸ ಮಾಡಿ. ಆ ಜಾಗಕ್ಕೆ ಯಾರೂ ಸೂಜಿ ಹಾಕದಂತೆ ನೋಡಿಕೊಳ್ಳಿ. ಒಳಗೆ ಸೋಂಕು ಇಲ್ಲದಿದ್ದರೆ ಆ ಸೂಜಿಯೇ ಚರ್ಮದ ಮೇಲಿನ ಬ್ಯಾಕ್ಟೀರಿಯಾವನ್ನು ಒಳಗೆ ಇಳಿಸುತ್ತದೆ. ಸೋಂಕು ಇದ್ದರೆ ಎಷ್ಟು ಎಳೆದರೂ ವಾಸಿಯಾಗುವುದಿಲ್ಲ. ಪೇಸ್‌ಮೇಕರ್ ಇಟ್ಟ ಜಾಗಕ್ಕೆ ಸೂಜಿ ಹಾಕಬೇಡಿ ಎಂದು ಅಮೆರಿಕದ ಹೃದಯ ತಜ್ಞರ ಮಾರ್ಗಸೂಚಿಯಲ್ಲೇ ಇದೆ.

ನಾನು ಡಾಕ್ಟರ್ ಅಲ್ಲ. ಕ್ಯಾತ್ ಲ್ಯಾಬ್‌ನಲ್ಲಿ, ಅಂದರೆ ರಕ್ತನಾಳದ ಮೂಲಕ ಹೃದಯದ ಚಿಕಿತ್ಸೆ ಮಾಡುವ ಕೋಣೆಯಲ್ಲಿ, ಬಹಳ ವರ್ಷ ಕೆಲಸ ಮಾಡಿದ ನರ್ಸ್. ನಿಮಗೆ ಬೆಂಗಳೂರಿನ ಡಾಕ್ಟರ್ ಹೇಳಿದ್ದೇ ಸರಿ. ಯಾಕೆ ಅಂತ ಹೇಳುತ್ತೇನೆ, ದೊಡ್ಡಪ್ಪನವರಿಗೂ ಓದಿ ಹೇಳಿ.

ಕಾಲರ್ ಮೂಳೆಯ ಕೆಳಗೆ, ಚರ್ಮದಡಿ ಒಂದು ಚೀಲದಂಥ ಜಾಗ ಮಾಡಿ ಡಬ್ಬಿ ಇಟ್ಟಿರುತ್ತಾರೆ. ಅದನ್ನೇ ಪಾಕೆಟ್ ಅನ್ನುವುದು. ಅಲ್ಲಿಂದ ವೈರುಗಳು ರಕ್ತನಾಳದೊಳಗೆ ಇಳಿದು ಹೃದಯದ ಬಲಭಾಗಕ್ಕೆ ಹೋಗಿ ಕಚ್ಚಿಕೊಂಡಿರುತ್ತವೆ. ಪಾಕೆಟ್‌ಗೂ ಹೃದಯಕ್ಕೂ ನಡುವೆ ಗೋಡೆ ಇಲ್ಲ, ವೈರೇ ದಾರಿ. ಚರ್ಮದಲ್ಲಿ ತೂತು ಬಿದ್ದು ಒಸರುತ್ತಿದೆ ಎಂದರೆ ಒಳಗಿನ ಎಲ್ಲಕ್ಕೂ ಸೋಂಕು ತಗುಲಿದೆ ಅಂತಲೇ ಲೆಕ್ಕ. ಡಬ್ಬಿಯ ಚೂರು ಹೊರಗೆ ಕಾಣಿಸಿದರೂ ಅಷ್ಟೇ. ಕೆಂಪು ಇರಲಿ ಬಿಡಲಿ, ನೋವು ಇರಲಿ ಬಿಡಲಿ.

ಜ್ವರ ಇಲ್ಲದಿರುವುದು ಸಮಾಧಾನದ ಮಾತು ಅಲ್ಲ. ಪಾಕೆಟ್ ಸೋಂಕಿನಲ್ಲಿ ಎಷ್ಟೋ ಜನರಿಗೆ ಜ್ವರ ಬರುವುದೇ ಇಲ್ಲ. ರಕ್ತ ಪರೀಕ್ಷೆಯಲ್ಲಿ ಬಿಳಿ ಕಣಗಳೂ ಸರಿಯಾಗೇ ಇರುತ್ತವೆ. ಜ್ವರ, ನಡುಕ, ತೂಕ ಇಳಿಯುವುದು, ಉಸಿರು ಕಟ್ಟುವುದು ಶುರುವಾದರೆ ಅದು ರಕ್ತಕ್ಕೆ, ಹೃದಯದ ಕವಾಟಕ್ಕೆ ಹರಡಿರಬಹುದು. ಅಷ್ಟರವರೆಗೆ ಕಾಯಬಾರದು.

ಇನ್ನು ಬ್ಯಾಟರಿ ಬದಲಿಸಿದ ಮೇಲೇ ಯಾಕೆ ಬಂತು ಅಂತ ನಿಮಗೆ ಅನಿಸಿರಬಹುದು. ಹಳೆಯ ಪಾಕೆಟ್‌ನ ಸುತ್ತ ಗಾಯ ಮಾಯ್ದ ದಪ್ಪ ಪೊರೆ ಇರುತ್ತದೆ. ಅದಕ್ಕೆ ರಕ್ತದ ಓಡಾಟ ಕಮ್ಮಿ. ಬ್ಯಾಕ್ಟೀರಿಯಾ ಸೇರಿಕೊಂಡರೆ ದೇಹದ ಕಾವಲಿನ ಕಣಗಳೂ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಅದಕ್ಕೇ ಹೊಸದಾಗಿ ಹಾಕುವಾಗ ಇರುವುದಕ್ಕಿಂತ ಬದಲಿಸುವಾಗ ಅಪಾಯ ಜಾಸ್ತಿ. ಹೊಸದಾಗಿ ಹಾಕಿದವರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಸೋಂಕು ಬರುತ್ತದೆ ಎಂದುಕೊಳ್ಳಿ. ಶುಗರ್, ಕಿಡ್ನಿ ತೊಂದರೆ, ರಕ್ತ ತೆಳು ಮಾಡುವ ಮಾತ್ರೆ ಸೇರಿದರೆ ಇನ್ನೂ ಏರುತ್ತದೆ.

ಮಲ್ನಾಡ್ ಅಜ್ಜಿಮನೆ

ಅಕ್ಕಾ, ನಮ್ಮ ಕಡೆ ಮಾಯದ ಗಾಯಕ್ಕೆ ಅರಿಶಿನ, ಬೇವಿನ ಎಲೆ ಅರೆದು ಹಚ್ಚುತ್ತಾರೆ. ಆಪರೇಷನ್‌ಗೆ ಮುಂಚೆ ಅದೊಂದು ನೋಡಬಹುದಾ ಅಂತ.

ಕ್ಯಾತ್‌ಲ್ಯಾಬ್ ಸಿಸ್ಟರ್

ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಇಲ್ಲಿ ಬೇಡವೇ ಬೇಡ. ಆ ತೂತು ನೇರ ಹೃದಯದ ವೈರಿಗೆ ಹೋಗುವ ಬಾಗಿಲು. ಮೇಲೆ ಹಚ್ಚಿದ್ದು ಯಾವುದೂ ಡಬ್ಬಿಯ ಹಿಂಭಾಗಕ್ಕೋ ವೈರಿಗೋ ತಲುಪುವುದಿಲ್ಲ. ಮನೆಯಲ್ಲಿ ಅರೆದದ್ದರಲ್ಲಿ ಇನ್ನಷ್ಟು ರೋಗಾಣು ಇರಬಹುದು. ಒಣ, ಶುದ್ಧ ಗಾಜ್ ಮುಚ್ಚಿ, ಮುಟ್ಟದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಷ್ಟೇ.

ಲ್ಯಾಬ್ ಮೇಜು

ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಮಾತ್ರೆಗೆ ಯಾಕೆ ಬಗ್ಗುವುದಿಲ್ಲ ಎಂಬುದಕ್ಕೆ ನನ್ನ ಕಡೆಯಿಂದ.

ಈ ಸೋಂಕುಗಳಲ್ಲಿ ಮುಕ್ಕಾಲು ಪಾಲಿನಷ್ಟು ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಗುಂಪಿನವು. ಅದರಲ್ಲಿ ಎರಡು ಬಗೆ. ಒಂದು ಸ್ಟ್ಯಾಫ್ ಆರಿಯಸ್. ಇದು ಜೋರಿನದು. ಬೇಗ ಕೀವು ಮಾಡುತ್ತದೆ, ರಕ್ತಕ್ಕೆ ಇಳಿಯುತ್ತದೆ, ಜ್ವರ ತರುತ್ತದೆ. ಇನ್ನೊಂದು ನಮ್ಮೆಲ್ಲರ ಚರ್ಮದ ಮೇಲೆ ದಿನವೂ ಇರುವ ಸ್ಟ್ಯಾಫ್ ಎಪಿಡರ್ಮಿಡಿಸ್ ಮತ್ತು ಅದರ ಬಳಗ. ಇವು ಸದ್ದಿಲ್ಲದೆ ತಿಂಗಳುಗಟ್ಟಲೆ ಕುಳಿತಿರುತ್ತವೆ. ಡಬ್ಬಿ ಇಡುವಾಗಲೇ ಚರ್ಮದಿಂದ ಒಳಗೆ ಸೇರಿ, ಎಷ್ಟೋ ಕಾಲ ಆದ ಮೇಲೆ ತೋರಿಸಿಕೊಳ್ಳುವುದು ಮಾಮೂಲು. ನಿಮ್ಮ ತಂದೆಯವರ ವಿಷಯ ಓದಿದರೆ ಎರಡನೆಯ ಬಗೆಯಂತೆ ಕಾಣುತ್ತದೆ. ಆದರೆ ಕಲ್ಚರ್, ಅಂದರೆ ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆಯ ವರದಿ, ಬರದೆ ಖಾತ್ರಿ ಹೇಳಲಾಗದು.

ಲೋಹದ ಮೇಲೆ, ಸಿಲಿಕೋನ್ ಮೇಲೆ ಇವು ಅಂಟಿಕೊಂಡು ಒಂದು ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಅದಕ್ಕೆ ಬಯೋಫಿಲ್ಮ್ ಅನ್ನುತ್ತಾರೆ. ನೀರಿನ ಡ್ರಮ್ಮಿನ ಒಳಗೋಡೆಗೆ ಕಟ್ಟುವ ಪಾಚಿ ನೋಡಿದ್ದೀರಲ್ಲ, ನೀರು ಬದಲಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಹಾಗೆಯೇ ಇದು. ಪದರದ ಒಳಗಿರುವ ಬ್ಯಾಕ್ಟೀರಿಯಾಗಳು ಬೆಳೆಯುವುದನ್ನೇ ನಿಧಾನ ಮಾಡಿಬಿಡುತ್ತವೆ. ನಮ್ಮ ಎಷ್ಟೋ ಆಂಟಿಬಯಾಟಿಕ್‌ಗಳು ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಕೊಲ್ಲಲು ಮಾಡಿದವು. ಅದಕ್ಕೇ ಮಾತ್ರೆ ನುಂಗಿದಾಗ ಪದರದಿಂದ ಬಿಟ್ಟು ಓಡಾಡುವವು ಸಾಯುತ್ತವೆ, ಕೆಂಪು ಇಳಿಯುತ್ತದೆ. ನಿಲ್ಲಿಸಿದರೆ ಒಳಗಿನವು ಮತ್ತೆ ಹೊರಡುತ್ತವೆ. ನಿಮ್ಮಪ್ಪನಿಗೆ ಆಗುತ್ತಿರುವುದು ಇದೇ.

ಈಗ ಮುಖ್ಯ ಮಾತು. ಕಲ್ಚರ್ ಮಾಡದೆ ಮೇಲಿಂದ ಮೇಲೆ ಮಾತ್ರೆ ನುಂಗಿಸಬೇಡಿ. ಆಂಟಿಬಯಾಟಿಕ್ ಶುರು ಮಾಡುವ ಮುನ್ನವೇ, ಬೇರೆ ಬೇರೆ ಜಾಗದಿಂದ ಕಮ್ಮಿ ಎಂದರೂ ಎರಡು ಸೆಟ್ ರಕ್ತ ಕಲ್ಚರ್‌ಗೆ ತೆಗೆಯಬೇಕು. ಮಾತ್ರೆ ಹೊಟ್ಟೆಯಲ್ಲಿರುವಾಗ ತೆಗೆದರೆ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ, ಸೋಂಕೇ ಇಲ್ಲ ಎಂದು ಮೋಸ ಹೋಗುತ್ತೇವೆ. ಸಾಧನ ತೆಗೆಯುವಾಗ ಪಾಕೆಟ್‌ನ ಅಂಗಾಂಶದ ಚೂರು, ವೈರಿನ ತುದಿ, ಎರಡನ್ನೂ ಲ್ಯಾಬ್‌ಗೆ ಕಳಿಸಬೇಕು. ಹೊರಗಿನ ತೂತಿನ ಮೇಲೆ ಹತ್ತಿ ಒರೆಸಿ ಕಳಿಸಿದ್ದರಿಂದ ಅಷ್ಟು ಪ್ರಯೋಜನ ಇಲ್ಲ. ಚರ್ಮದ ಮೇಲಿನದ್ದೇ ಬೆಳೆದು ದಾರಿ ತಪ್ಪಿಸುತ್ತದೆ.

ಇನ್ನೊಂದು ವಿಷಯ ನಮ್ಮ ದೇಶದವರು ವಿಶೇಷವಾಗಿ ನೆನಪಿಡಬೇಕು. ಮೈಕೋಬ್ಯಾಕ್ಟೀರಿಯಂ ಫಾರ್ಚುಯಿಟಮ್, ಅಬ್ಸೆಸಸ್ ಎಂಬ ರೋಗಾಣುಗಳಿವೆ. ಕ್ಷಯದ ರೋಗಾಣುವಿನ ಬಳಗದವು, ಆದರೆ ಕ್ಷಯ ಅಲ್ಲ. ನೀರಿನಲ್ಲಿ, ಮಣ್ಣಿನಲ್ಲಿ ಇರುತ್ತವೆ. ಪೇಸ್‌ಮೇಕರ್ ಪಾಕೆಟ್‌ನಲ್ಲಿ ಇವು ಸಿಕ್ಕಿರುವ ವರದಿಗಳು ಭಾರತದಿಂದಲೂ ಬಂದಿವೆ. ಸಾಮಾನ್ಯ ಕಲ್ಚರ್ ತಟ್ಟೆಯನ್ನು ಎರಡು ದಿನ ನೋಡಿ ಎಸೆದರೆ ಇವು ತಪ್ಪಿಹೋಗುತ್ತವೆ. ಮಾಮೂಲಿ ಆಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ, ತಿಂಗಳುಗಟ್ಟಲೆ ಬೇರೆ ಔಷಧಿಗಳ ಜೋಡಿ ಬೇಕು. ಹಾಗಾಗಿ ಈ ಬಳಗವನ್ನೇ ಹುಡುಕುವ ಎಎಫ್‌ಬಿ ಸ್ಟೇನ್ (ಬಣ್ಣ ಹಾಕಿ ನೋಡುವುದು) ಮತ್ತು ಎಎಫ್‌ಬಿ ಕಲ್ಚರ್‌ಗೂ ಕಳಿಸಿ ಎಂದು ಡಾಕ್ಟರ್ ಹತ್ತಿರ ಕೇಳಿ. ಕೇಳುವುದರಲ್ಲಿ ಸಂಕೋಚ ಏನೂ ಬೇಡ.

ಹಳೇಬೇರು

ನಾನು ಮೆಕ್ಯಾನಿಕಲ್ ಇಂಜಿನಿಯರ್, ವೈದ್ಯಕೀಯ ಗೊತ್ತಿಲ್ಲ. ಒಂದು ಅನುಮಾನ. ಸೋಂಕು ಡಬ್ಬಿಯ ಹತ್ತಿರ ಇದ್ದರೆ ಡಬ್ಬಿ ತೆಗೆದು, ವೈರನ್ನು ಅಲ್ಲೇ ಕತ್ತರಿಸಿ ಒಳಗೆ ಬಿಟ್ಟು, ಇನ್ನೊಂದು ಕಡೆ ಹೊಸ ಸೆಟ್ ಹಾಕಬಹುದಲ್ವಾ? ಎಳೆಯುವ ಅಪಾಯ ಯಾಕೆ?

ಕುಂದಾಪ್ರ ಮೇಷ್ಟ್ರು

ನಿಮ್ಮ ಪ್ರಶ್ನೆಗೆ ನನ್ನ ಮೈಯೇ ಉತ್ತರ. ನನಗೂ ಪಾಕೆಟ್ ಸೋಂಕು ಆಗಿತ್ತು. ಮೊದಲು ಒಂದು ಆಸ್ಪತ್ರೆಯಲ್ಲಿ ನೀವು ಹೇಳಿದ ಹಾಗೇ ಮಾಡಿದರು. ಡಬ್ಬಿ ತೆಗೆದರು, ವೈರು ಕತ್ತರಿಸಿ ಒಳಗೆ ಬಿಟ್ಟರು, ಬಲಗಡೆ ಹೊಸದು ಹಾಕಿದರು. ವರ್ಷ ತುಂಬುವುದರೊಳಗೆ ಎಡಗಡೆಯ ಹಳೆ ಗಾಯ ಮತ್ತೆ ಬಾಯಿ ಬಿಟ್ಟಿತು. ಆಮೇಲೆ ಚಳಿಜ್ವರ. ಬಿಟ್ಟ ವೈರಿನ ಮೇಲೇ ಸೋಂಕು ಕೂತಿತ್ತು. ಅದು ರಕ್ತಕ್ಕೆ ಇಳಿದು ಹೊಸ ಸೆಟ್‌ಗೂ ಹತ್ತಿತು. ಕೊನೆಗೆ ಎರಡೂ ಕಡೆಯದ್ದು ತೆಗೆಯಬೇಕಾಯಿತು. ಕತ್ತರಿಸಿದ ವೈರು ಒಳಗೆ ಜಾರಿಕೊಂಡು ಹಿಡಿಯಲು ಸಿಗದೆ ಡಾಕ್ಟರುಗಳು ತುಂಬಾ ಕಷ್ಟಪಟ್ಟರು.

ದಾವಣಗೆರೆ ಮಗಳೇ, ಹೆದರಬೇಡಿ ಎಂದು ಹೇಳುವುದು ಸುಲಭ, ಆದರೂ ಹೇಳುತ್ತೇನೆ. ನನ್ನ ಎದೆ ಸೀಳಲಿಲ್ಲ. ವೈರು ಒಳಗೆ ಹೋದ ರಕ್ತನಾಳದ ದಾರಿಯಲ್ಲೇ ಹೊರಗೆ ಬಂತು. ಅರಿವಳಿಕೆ ಕೊಟ್ಟಿದ್ದರು, ನನಗೆ ಏನೂ ಗೊತ್ತಾಗಲಿಲ್ಲ. ಪಕ್ಕದಲ್ಲೇ ಹೃದಯದ ಸರ್ಜನ್ ತಯಾರಾಗಿ ನಿಂತಿದ್ದರು ಎಂದು ಆಮೇಲೆ ಹೇಳಿದರು. ಆ ಮಾತು ಮೊದಲೇ ಕೇಳಿದ್ದರೆ ನನಗೆ ಇನ್ನೂ ಧೈರ್ಯ ಬರುತ್ತಿತ್ತು. ನೀವು ಕೇಳಿ: ಏನಾದರೂ ಹೆಚ್ಚುಕಮ್ಮಿ ಆದರೆ ಎದೆ ತೆರೆಯುವ ಸರ್ಜನ್ ಆ ಕ್ಷಣಕ್ಕೆ ಆ ಕೋಣೆಯಲ್ಲಿ ಇರುತ್ತಾರಾ? ಇಲ್ಲ ಎಂದರೆ ಆ ಜಾಗ ಬೇಡ.

ದಾವಣಗೆರೆ ಮಗಳು

ಮೇಷ್ಟ್ರೇ, ನಿಮ್ಮ ಮಾತು ಓದಿ ಅಪ್ಪನಿಗೂ ತೋರಿಸಿದೆ. ಅವರಿಗೆ ಇರುವ ಭಯ ಬೇರೆ. "ಪೇಸ್‌ಮೇಕರ್ ಇಲ್ಲದೆ ನನ್ನ ಹೃದಯ ನಡೆಯಲ್ಲ ಅಂತ ಡಾಕ್ಟರೇ ಹೇಳಿದ್ದಾರೆ. ತೆಗೆದ ಮೇಲೆ ನನ್ನ ಗತಿ ಏನು?" ಅಂತ ಕೇಳುತ್ತಾರೆ. ನಡುವೆ ಏನು ಮಾಡುತ್ತಾರೆ?

ಕುಂದಾಪ್ರ ಮೇಷ್ಟ್ರು

ನನ್ನದೂ ಅದೇ ಸ್ಥಿತಿ. ಕುತ್ತಿಗೆಯ ರಕ್ತನಾಳದಿಂದ ಒಂದು ವೈರು ಇಳಿಸಿ, ಅದನ್ನು ಹೊರಗೆ ಒಂದು ಪೇಸ್‌ಮೇಕರ್ ಡಬ್ಬಿಗೆ ಜೋಡಿಸಿ, ಭುಜದ ಹತ್ತಿರ ಚರ್ಮದ ಮೇಲೆ ಬ್ಯಾಂಡೇಜ್‌ನಿಂದ ಭದ್ರ ಮಾಡಿದ್ದರು. ನೋಡಲು ವಿಚಿತ್ರ. ಆದರೆ ಎದ್ದು ಓಡಾಡಬಹುದಿತ್ತು, ಊಟಕ್ಕೆ ಕೂರಬಹುದಿತ್ತು. ಸೋಂಕು ತಗ್ಗಿದ ಮೇಲೆ ಹೊಸದನ್ನು ಹಾಕಿದರು.

ಲೆಸ್ಟರ್ ಕನ್ನಡಿಗ

ಇಂಗ್ಲೆಂಡಿನಲ್ಲಿ ಪೇಸ್‌ಮೇಕರ್ ತಪಾಸಣೆ ಮಾಡುವ ಕೆಲಸ ನನ್ನದು. ಮೂಲತಃ ಹಾಸನದ ಕಡೆಯವನು. ಮೇಷ್ಟ್ರು ಹೇಳಿದ ಹೊರಗಿನ ಡಬ್ಬಿ ಇಲ್ಲಿಯೂ ಬಳಕೆಯಲ್ಲಿದೆ. ತಾತ್ಕಾಲಿಕ ತೆಳು ವೈರಿಗಿಂತ ಇದು ವಾಸಿ, ಯಾಕೆಂದರೆ ತುದಿಯಲ್ಲಿ ತಿರುಪು ಇರುವ ವೈರು ಗಟ್ಟಿಯಾಗಿ ನಿಲ್ಲುತ್ತದೆ. ದಿನಗಟ್ಟಲೆ ಮಂಚಕ್ಕೆ ಅಂಟಿಕೊಂಡಿರುವುದು ತಪ್ಪುತ್ತದೆ.

ಹೊಸದು ಯಾವಾಗ ಹಾಕುತ್ತಾರೆ ಎಂಬುದಕ್ಕೆ: ರಕ್ತದಲ್ಲಿ ಬ್ಯಾಕ್ಟೀರಿಯಾ ಇದ್ದಿದ್ದರೆ, ಸಾಧನ ತೆಗೆದ ಮೇಲೆ ಕಲ್ಚರ್ ಕಮ್ಮಿ ಎಂದರೂ 72 ಗಂಟೆ ಖಾಲಿ ಬರಬೇಕು. ಹೃದಯದ ಕವಾಟಕ್ಕೆ ಹತ್ತಿದ್ದರೆ ಇನ್ನೂ ಜಾಸ್ತಿ ಕಾಯುತ್ತಾರೆ. ಹೊಸದನ್ನು ಸೋಂಕಾದ ಕಡೆ ಹಾಕುವುದಿಲ್ಲ, ಎದುರುಗಡೆ ಹಾಕುತ್ತಾರೆ. ಜೊತೆಗೆ ಒಂದು ಪ್ರಶ್ನೆಯನ್ನು ಎಲ್ಲರೂ ಕೇಳಲೇಬೇಕು: ಇವರಿಗೆ ಈಗಲೂ ಪೇಸ್‌ಮೇಕರ್ ಬೇಕಾ? ಎಷ್ಟೋ ಜನರಿಗೆ ಈಗ ಬೇಡ ಎಂದು ಗೊತ್ತಾಗುತ್ತದೆ. ನಿಮ್ಮ ತಂದೆಯವರಿಗೆ ಬೇಕೇ ಬೇಕು ಅನಿಸುತ್ತದೆ.

ತೆಗೆಯುವ ಅಪಾಯದ ಬಗ್ಗೆ ನೇರವಾಗಿ ಹೇಳುತ್ತೇನೆ. ವರ್ಷದೊಳಗಿನ ವೈರು ಸಾಮಾನ್ಯವಾಗಿ ಎಳೆದರೆ ಬಂದುಬಿಡುತ್ತದೆ. ಹತ್ತು ವರ್ಷದ ವೈರಿನ ಸುತ್ತ ರಕ್ತನಾಳದ ಗೋಡೆಯೇ ಬೆಳೆದು ಹಿಡಿದುಕೊಂಡಿರುತ್ತದೆ. ಅದನ್ನು ಬಿಡಿಸಲು ಒಳಗೊಂದು ಲಾಕ್ ಆಗುವ ತಂತಿ, ಮೇಲೊಂದು ತಿರುಗುವ ಕೊಳವೆ ಅಥವಾ ಲೇಸರ್ ಕೊಳವೆ ಬೇಕು. ರಕ್ತನಾಳ ಅಥವಾ ಹೃದಯ ಹರಿಯುವ ಭಯ ಇರುವುದು ಅಲ್ಲಿ. ಅಮೆರಿಕ ಮತ್ತು ಕೆನಡಾದ 13 ಆಸ್ಪತ್ರೆಗಳಲ್ಲಿ ಲೇಸರ್‌ನಿಂದ ತೆಗೆಸಿಕೊಂಡ 1,449 ಜನರ ಲೆಕ್ಕ 2010ರಲ್ಲಿ ಪ್ರಕಟವಾಯಿತು. ವೈರುಗಳಲ್ಲಿ ಶೇ. 96.5ರಷ್ಟು ಪೂರ್ತಿ ಹೊರಬಂದವು. ತೆಗೆಯುವ ಕೆಲಸದಿಂದಲೇ ಆದ ಸಾವು ಶೇ. 0.28. ಆಸ್ಪತ್ರೆಯಲ್ಲಿದ್ದಾಗ ಒಟ್ಟು ಸಾವು ಶೇ. 1.86. ಕೈ ಪಳಗಿದ ಜಾಗದ ಲೆಕ್ಕ ಇದು ಎಂಬುದು ಗಮನದಲ್ಲಿರಲಿ.

ತೆಗೆಸದೆ ಬಿಡುವ ಅಪಾಯ ಇದಕ್ಕಿಂತ ದೊಡ್ಡದು. ಅಮೆರಿಕದ ಮೆಡಿಕೇರ್ ವಿಮೆಯಲ್ಲಿದ್ದ ವಯಸ್ಸಾದವರಲ್ಲಿ ಸಾಧನದ ಸೋಂಕು ಬಂದ 11,000ಕ್ಕೂ ಹೆಚ್ಚು ಜನರನ್ನು ನೋಡಿದರು. 2023ರಲ್ಲಿ ಪ್ರಕಟವಾದದ್ದು. ಐವರಲ್ಲಿ ಸುಮಾರು ನಾಲ್ವರಿಗೆ ತಿಂಗಳೊಳಗೆ ವೈರು ತೆಗೆದಿರಲಿಲ್ಲ. ಸೋಂಕು ಗೊತ್ತಾದ ಆರು ದಿನದೊಳಗೆ ತೆಗೆಸಿಕೊಂಡವರಲ್ಲಿ ಸಾವು ಸ್ಪಷ್ಟವಾಗಿ ಕಮ್ಮಿ ಇತ್ತು. ಅಷ್ಟು ಸೌಕರ್ಯ ಇರುವ ದೇಶದಲ್ಲೇ ಹೀಗೆ. ಮಾರ್ಗಸೂಚಿಗಳು ಎಷ್ಟೋ ವರ್ಷದಿಂದ ಪೂರ್ತಿ ತೆಗೆಯಿರಿ ಎಂದು ಹೇಳುತ್ತಿದ್ದರೂ ಜನರಿಗೆ ತಲುಪುತ್ತಿಲ್ಲ. ಇದು ನನಗೆ ನಿಜವಾಗಿ ಸಂಕಟ ತರುವ ವಿಷಯ. ನಿಮ್ಮ ಡಾಕ್ಟರ್ ಮೊದಲ ಭೇಟಿಯಲ್ಲೇ ಪೂರ್ತಿ ತೆಗೆಯಬೇಕು ಅಂದರಲ್ಲ, ಅಂಥವರು ಸಿಕ್ಕಿದ್ದು ಒಳ್ಳೆಯದಾಯಿತು.

ಬಾಯಿಯ ಮೂಲಕ ಇಳಿಸುವ ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತಾರಾ ಎಂದು ಕೇಳಿ. ಎದೆಯ ಮೇಲಿಟ್ಟು ಮಾಡುವ ಎಕೋದಲ್ಲಿ ವೈರಿನ ಮೇಲಿನ ಗಡ್ಡೆ ಎಷ್ಟೋ ಸಲ ಕಾಣುವುದಿಲ್ಲ. ಸೋಂಕು ಹೌದೋ ಅಲ್ಲವೋ ಎಂಬ ಅನುಮಾನ ಉಳಿದರೆ ಪೆಟ್ ಸಿಟಿ ಸ್ಕ್ಯಾನ್ ಕೂಡ ಸಹಾಯ ಮಾಡುತ್ತದೆ. ನಿಮ್ಮ ವಿಷಯದಲ್ಲಿ ತೂತೇ ಕಾಣುತ್ತಿದೆ, ಅನುಮಾನಕ್ಕೆ ಜಾಗ ಇಲ್ಲ.

ಅಪ್ಪನವರಿಗೆ ಇದನ್ನೂ ಹೇಳಿ. ಜಗತ್ತಿನಲ್ಲಿ ಮೊದಲ ಬಾರಿ ಪೇಸ್‌ಮೇಕರ್ ಅನ್ನು ದೇಹದೊಳಗೆ ಇಟ್ಟಿದ್ದು 1958ರ ಅಕ್ಟೋಬರ್ 8ರಂದು, ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ. ಆರ್ನೆ ಲಾರ್ಸನ್ ಎಂಬುವರಿಗೆ. ಆ ಮೊದಲ ಡಬ್ಬಿ ಕೆಲವೇ ಗಂಟೆ ನಡೆದು ನಿಂತಿತು. ಅವರು ಬದುಕಿನಲ್ಲಿ 20ಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಿಸಿಕೊಂಡರು. 2001ರಲ್ಲಿ, 86ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಾರಣ ಕ್ಯಾನ್ಸರ್, ಹೃದಯ ಅಲ್ಲ.

ಗದಗ ಗೆಳೆಯ

ಎಲ್ಲಾ ಸರಿ, ದುಡ್ಡಿನ ಮಾತು ಯಾರೂ ಆಡಲಿಲ್ಲ. ಹಳೇದು ತೆಗೆಯೋದು, ಹೊರಗಿನ ಡಬ್ಬಿ, ಹೊಸ ಪೇಸ್‌ಮೇಕರ್, ವಾರಗಟ್ಟಲೆ ಇಂಜೆಕ್ಷನ್. ನಮ್ಮಂಥವರಿಗೆ ಇದು ಆಗುವ ಮಾತಾ?

ಕ್ಯಾತ್‌ಲ್ಯಾಬ್ ಸಿಸ್ಟರ್

ಇದು ಕೇಳಲೇಬೇಕಾದ ಪ್ರಶ್ನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬವರು ಇರುತ್ತಾರೆ. ಲೀಡ್ ಎಕ್ಸ್‌ಟ್ರಾಕ್ಷನ್ (ವೈರು ತೆಗೆಯುವುದು), ಹೊಸ ಸಾಧನ, ಆಂಟಿಬಯಾಟಿಕ್, ಇವುಗಳಲ್ಲಿ ಯಾವುದು ಪ್ಯಾಕೇಜ್‌ನಲ್ಲಿ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಬೇರೆ ಬೇರೆಯಾಗಿ ಅವರ ಹತ್ತಿರ ಕೇಳಿ, ಬರೆಸಿಕೊಳ್ಳಿ. ಜಯದೇವ ಹೃದ್ರೋಗ ಆಸ್ಪತ್ರೆ ಸರ್ಕಾರದ ಸ್ವಾಯತ್ತ ಸಂಸ್ಥೆ, ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿದೆ. ಬಡವರಿಗೆ ರಿಯಾಯಿತಿ ಇದೆ. ಮೊದಲು ಅಲ್ಲಿ ವಿಚಾರಿಸಿ.

ಯಾವ ಆಸ್ಪತ್ರೆ ಆದರೂ ಕೇಳಬೇಕಾದ್ದು: ಇಲ್ಲಿ ಹಳೆಯ ವೈರು ತೆಗೆಯುವ ಕೆಲಸ ಮಾಡುತ್ತೀರಾ, ವರ್ಷಕ್ಕೆ ಎಷ್ಟು ಮಾಡುತ್ತೀರಾ? ಪೇಸ್‌ಮೇಕರ್ ಹಾಕುವ ಎಲ್ಲರೂ ತೆಗೆಯುವುದರಲ್ಲಿ ಪಳಗಿದವರಲ್ಲ. ಕೇಳಿದರೆ ಒಳ್ಳೆಯ ಡಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಇಂಜೆಕ್ಷನ್ ಎಲ್ಲರಿಗೂ ವಾರಗಟ್ಟಲೆ ಅಲ್ಲ. ಸಾಧನ ಪೂರ್ತಿ ತೆಗೆದ ಮೇಲೆ, ಸೋಂಕು ಪಾಕೆಟ್‌ನಲ್ಲಿ ಮಾತ್ರ ಇದ್ದರೆ ಹತ್ತರಿಂದ ಹದಿನಾಲ್ಕು ದಿನ. ಕವಾಟಕ್ಕೆ ಹತ್ತಿದ್ದರೆ ನಾಲ್ಕರಿಂದ ಆರು ವಾರ. ಬೇಗ ತೆಗೆಸಿದರೆ ಇಲ್ಲಿಯೂ ಉಳಿತಾಯವೇ.

ದಾವಣಗೆರೆ ಮಗಳು

ಎಲ್ಲರಿಗೂ ಅಪ್ಡೇಟ್. ಅಪ್ಪನಿಗೆ ಪೂರ್ತಿ ತೆಗೆದರು. ಡಬ್ಬಿ, ಎರಡೂ ವೈರು. ತಿರುಗುವ ಕೊಳವೆ ಬಳಸಿದರಂತೆ. ಹೃದಯದ ಸರ್ಜನ್ ಕೋಣೆಯಲ್ಲೇ ಇದ್ದರು, ಮೇಷ್ಟ್ರು ಹೇಳಿದ ಹಾಗೆ ನಾನು ಮೊದಲೇ ಕೇಳಿದ್ದೆ. ಕುತ್ತಿಗೆಯಿಂದ ಹೊರಗಿನ ಡಬ್ಬಿ ಹಾಕಿದ್ದಾರೆ. ಪಾಕೆಟ್ ಅಂಗಾಂಶದಲ್ಲಿ ಸ್ಟ್ಯಾಫ್ ಎಪಿಡರ್ಮಿಡಿಸ್ ಬೆಳೆದಿದೆ. ಎಎಫ್‌ಬಿ ಸ್ಟೇನ್‌ನಲ್ಲಿ ಏನೂ ಕಾಣಲಿಲ್ಲ, ಅದರ ಕಲ್ಚರ್ ವರದಿ ಇನ್ನೂ ಬರಬೇಕು. ಬಾಯಿಂದ ಇಳಿಸಿದ ಎಕೋದಲ್ಲಿ ಕವಾಟ ಚೆನ್ನಾಗಿದೆ. ದೊಡ್ಡಪ್ಪನೇ ಆಸ್ಪತ್ರೆಯಲ್ಲಿ ರಾತ್ರಿ ಉಳಿದುಕೊಳ್ಳುತ್ತಿದ್ದಾರೆ.

ಹೊಸದು ಹಾಕುವಾಗ ವೈರೇ ಇಲ್ಲದ ಪೇಸ್‌ಮೇಕರ್ ಬಗ್ಗೆಯೂ ಡಾಕ್ಟರ್ ಹೇಳಿದರು. ಅದು ಹೇಗೆ?

ಲೆಸ್ಟರ್ ಕನ್ನಡಿಗ

ತುಂಬಾ ಸಂತೋಷ. ವೈರಿಲ್ಲದ್ದು ಎಂದರೆ ಎರಡೂವರೆ ಸೆಂಟಿಮೀಟರ್ ಉದ್ದದ, ಸುಮಾರು 2 ಗ್ರಾಂ ತೂಕದ ಸಣ್ಣ ಸಾಧನ. ತೊಡೆಯ ರಕ್ತನಾಳದಿಂದ ಕೊಂಡೊಯ್ದು ಹೃದಯದ ಬಲ ಕೆಳಕೋಣೆಯೊಳಗೇ ಕಚ್ಚಿಸಿ ಬಿಡುತ್ತಾರೆ. ಅಮೆರಿಕದಲ್ಲಿ 2016ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಪಾಕೆಟ್ ಇಲ್ಲ, ವೈರು ಇಲ್ಲ, ಹಾಗಾಗಿ ಸೋಂಕು ಬಹಳ ಅಪರೂಪ. ಒಮ್ಮೆ ಸೋಂಕಾದವರಿಗೆ ಯೋಚಿಸುವಂಥ ದಾರಿ. ಆದರೆ ಬೆಲೆ ಜಾಸ್ತಿ, ಎಲ್ಲರ ಹೃದಯದ ತೊಂದರೆಗೂ ಹೊಂದುವುದಿಲ್ಲ. ಮೇಲ್ಕೋಣೆ, ಕೆಳಕೋಣೆ ಎರಡೂ ಒಂದಕ್ಕೊಂದು ಹೊಂದಿ ಬಡಿಯುವಂತೆ ಮಾಡುವುದು ಅಪ್ಪನಿಗೆ ಎಷ್ಟು ಮುಖ್ಯ ಎಂದು ಕೇಳಿ ತೀರ್ಮಾನಿಸಿ.

ಮೈಸೂರು ಮಗ

ಈ ಚರ್ಚೆ ಓದಿ ನನಗೆ ನಿದ್ದೆ ಇಲ್ಲ. ನನ್ನ ಅಮ್ಮನಿಗೆ ಮುಂದಿನ ತಿಂಗಳು ಬ್ಯಾಟರಿ ಬದಲಿಸಬೇಕು. ಶುಗರ್ ಇದೆ, ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಸೋಂಕು ಬರದಂತೆ ಮೊದಲೇ ಏನು ಮಾಡಬಹುದು?

ಕ್ಯಾತ್‌ಲ್ಯಾಬ್ ಸಿಸ್ಟರ್

ನಿದ್ದೆ ಮಾಡಿ ತಮ್ಮಾ, ಮಾಡಬಹುದಾದದ್ದು ಬಹಳ ಇದೆ.

ಆಪರೇಷನ್‌ಗೆ ಮುಂಚೆ ಶುಗರ್ ಹಿಡಿತಕ್ಕೆ ತನ್ನಿ. ಹಿಂದಿನ ದಿನ ಜ್ವರ ಬಂದಿದ್ದರೆ, ಕಾಲಲ್ಲಿ ಹುಣ್ಣೋ, ಮೂತ್ರದ ಸೋಂಕೋ ಇದ್ದರೆ ಮುಚ್ಚಿಡದೆ ಹೇಳಿ, ಮುಂದೂಡಿಸಿ. ಫ್ರಾನ್ಸಿನ 44 ಆಸ್ಪತ್ರೆಗಳ ಅಧ್ಯಯನದಲ್ಲಿ, ಹಿಂದಿನ 24 ಗಂಟೆಯೊಳಗೆ ಜ್ವರ ಇದ್ದವರಿಗೆ ಸೋಂಕು ಜಾಸ್ತಿ ಎಂದು ಕಂಡಿತ್ತು. ಬ್ಯಾಟರಿ ಬದಲಿಸುವ ಸಮಯ ಬಂತು ಎಂದು ಪೇಸ್‌ಮೇಕರ್ ತೋರಿಸಿದ ಮೇಲೂ ಸಾಮಾನ್ಯವಾಗಿ ಸುಮಾರು ಮೂರು ತಿಂಗಳು ನಡೆಯುತ್ತದೆ. ಹಾಗಾಗಿ ಜ್ವರ ಇಳಿಯುವವರೆಗೆ ಕಾಯಲು ಬಹುಪಾಲು ಎಲ್ಲರಿಗೂ ಸಮಯ ಇರುತ್ತದೆ. ಎದೆಯ ಕೂದಲನ್ನು ಮನೆಯಲ್ಲಿ ಬ್ಲೇಡ್‌ನಿಂದ ತೆಗೆಯಬೇಡಿ. ಸಣ್ಣ ಗೀರೂ ಬ್ಯಾಕ್ಟೀರಿಯಾಗೆ ಸಾಕು.

ಕೊಯ್ಯುವ ಒಂದು ಗಂಟೆಯೊಳಗೆ ಸೆಫಝೋಲಿನ್ ಎಂಬ ಆಂಟಿಬಯಾಟಿಕ್ ಇಂಜೆಕ್ಷನ್ ನರಕ್ಕೆ ಹೋಗಿರಬೇಕು. ಇದೊಂದನ್ನು ಬಿಡಲೇಬಾರದು. ಬ್ರೆಜಿಲ್‌ನಲ್ಲಿ ಇದನ್ನು ಪರೀಕ್ಷಿಸಿದಾಗ ಕೊಟ್ಟವರಲ್ಲಿ ಸೋಂಕು ಶೇ. 0.63, ಕೊಡದವರಲ್ಲಿ ಶೇ. 3.28. ವ್ಯತ್ಯಾಸ ಅಷ್ಟು ದೊಡ್ಡದಿದ್ದರಿಂದ ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಿದರು. ಅದೇ, ಮನೆಗೆ ಹೋದ ಮೇಲೆ ದಿನಗಟ್ಟಲೆ ಮಾತ್ರೆ ನುಂಗುವುದರಿಂದ ಲಾಭ ಕಂಡಿಲ್ಲ. ಕೆನಡಾದ ತಜ್ಞರು 19,000ಕ್ಕೂ ಹೆಚ್ಚು ಜನರ ಮೇಲೆ ಹೆಚ್ಚುವರಿ ಆಂಟಿಬಯಾಟಿಕ್ ನೋಡಿದರು. ಅಂಥ ಗಟ್ಟಿ ಪ್ರಯೋಜನ ಸಿಗಲಿಲ್ಲ.

ವಾರ್ಫರಿನ್ ಮಾತು ತುಂಬಾ ಮುಖ್ಯ. ಅದನ್ನು ನಿಲ್ಲಿಸಿ, ರಕ್ತ ತೆಳು ಮಾಡುವ ಹೆಪಾರಿನ್ ಇಂಜೆಕ್ಷನ್ ಕೊಡುವ ಪದ್ಧತಿ ಮೊದಲು ಇತ್ತು. 2013ರಲ್ಲಿ ಬಂದ ಪ್ರಯೋಗದಲ್ಲಿ, ಹೆಪಾರಿನ್ ಕೊಟ್ಟವರಲ್ಲಿ ಶೇ. 16 ಜನರಿಗೆ ಪಾಕೆಟ್‌ನಲ್ಲಿ ರಕ್ತ ತುಂಬಿ ಊದಿತು. ವಾರ್ಫರಿನ್ ಮುಂದುವರಿಸಿದವರಲ್ಲಿ ಶೇ. 3.5 ಮಾತ್ರ. ಹಾಗೆ ರಕ್ತ ತುಂಬಿದವರಿಗೆ ವರ್ಷದೊಳಗೆ ಸೋಂಕಿನ ಅಪಾಯ ಏಳು ಪಟ್ಟಿಗಿಂತ ಜಾಸ್ತಿ ಎಂದು ಆಮೇಲೆ ಗೊತ್ತಾಯಿತು. ವಾರ್ಫರಿನ್ ಏನು ಮಾಡುತ್ತೀರಿ ಎಂದು ಡಾಕ್ಟರನ್ನು ಕೇಳಿ. ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆ ಹಿಂದಿನ ದಿನ ಮಾಡಿಸಿ. ನೀವಾಗಿ ನಿಲ್ಲಿಸಬೇಡಿ.

ಲ್ಯಾಬ್ ಮೇಜು

ಅಮ್ಮನಿಗೆ ಅಪಾಯ ಜಾಸ್ತಿ ಇರುವುದರಿಂದ ಆಂಟಿಬಯಾಟಿಕ್ ಜಾಲರಿ ಚೀಲದ ಬಗ್ಗೆಯೂ ಕೇಳಬಹುದು. ಡಬ್ಬಿಯನ್ನು ಅದರೊಳಗೆ ಹಾಕಿ ಪಾಕೆಟ್‌ನಲ್ಲಿ ಇಡುತ್ತಾರೆ. ಮಿನೋಸೈಕ್ಲಿನ್, ರಿಫಾಂಪಿನ್ ಔಷಧಿ ಅದರಿಂದ ನಿಧಾನಕ್ಕೆ ಬಿಡುಗಡೆಯಾಗುತ್ತದೆ, ಚೀಲ ಕೆಲವು ವಾರದಲ್ಲಿ ಕರಗಿಹೋಗುತ್ತದೆ. 2019ರಲ್ಲಿ ಸುಮಾರು 7,000 ಜನರ ಪ್ರಯೋಗದಲ್ಲಿ ದೊಡ್ಡ ಸೋಂಕು ಶೇ. 1.2ರಿಂದ 0.7ಕ್ಕೆ ಇಳಿಯಿತು. ಖರ್ಚು ಇದೆ, ಸೆಫಝೋಲಿನ್‌ಗೆ ಬದಲಿ ಅಲ್ಲ.

ಮೈಸೂರು ಮಗ

ಎಲ್ಲಾ ಬರೆದುಕೊಂಡೆ. ಕೊನೆಯ ಎರಡು ಪ್ರಶ್ನೆ. ಮನೆಗೆ ಬಂದ ಮೇಲೆ ಏನು ನೋಡಬೇಕು? ಮುಂದೆ ಹಲ್ಲು ಕೀಳಿಸುವಾಗ ಪೇಸ್‌ಮೇಕರ್‌ಗಾಗಿ ಆಂಟಿಬಯಾಟಿಕ್ ಬೇಕಾ?

ಕ್ಯಾತ್‌ಲ್ಯಾಬ್ ಸಿಸ್ಟರ್

ಪೇಸ್‌ಮೇಕರ್ ಇದೆ ಎಂಬ ಒಂದೇ ಕಾರಣಕ್ಕೆ ಹಲ್ಲಿನ ಕೆಲಸದ ಮುಂಚೆ ಆಂಟಿಬಯಾಟಿಕ್ ಬೇಡ. ಕೃತಕ ಕವಾಟ ಇರುವವರ ಮಾತು ಬೇರೆ, ಅವರಿಗೆ ಬೇಕು. ಅಮ್ಮ ವಾರ್ಫರಿನ್ ಯಾಕೆ ತೆಗೆದುಕೊಳ್ಳುತ್ತಾರೆ ನೋಡಿ. ಕವಾಟ ಬದಲಿಸಿದ್ದಕ್ಕೆ ಆಗಿದ್ದರೆ ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಬೇಕು.

ಮನೆಗೆ ಬಂದ ಮೇಲೆ ಹೊಲಿಗೆ ಒಣಗಿರಲಿ, ಪೌಡರ್ ಎಣ್ಣೆ ಏನೂ ಬೇಡ. ಪ್ರತಿ ವಾರ ಒಂದೇ ಬೆಳಕಿನಲ್ಲಿ ಆ ಜಾಗದ ಫೋಟೋ ತೆಗೆದಿಡಿ. ಊತ, ಕೆಂಪು, ಬಿಸಿ, ಚರ್ಮ ತೆಳ್ಳಗಾಗುವುದು, ಡಬ್ಬಿ ಚರ್ಮಕ್ಕೆ ಅಂಟಿಕೊಂಡಂತೆ ಕಾಣುವುದು, ಒಂದು ಹನಿ ಒಸರಿದರೂ ಫೋಟೋ ಸಮೇತ ಡಬ್ಬಿ ಹಾಕಿದ ಡಾಕ್ಟರಿಗೇ ತೋರಿಸಿ. ಮೊದಲ ದಿನಗಳಲ್ಲಿ ಊತ ಬಂದರೆ ಅದು ರಕ್ತ ಇರಬಹುದು, ಅದಕ್ಕೂ ಸೂಜಿ ಹಾಕಿಸಬೇಡಿ. ತಿಂಗಳುಗಳ ನಂತರ ಕಾರಣ ಗೊತ್ತಾಗದ ಜ್ವರ ಬಂದರೂ, "ಪೇಸ್‌ಮೇಕರ್ ಇದೆ, ಮಾತ್ರೆಗೆ ಮುಂಚೆ ರಕ್ತದ ಕಲ್ಚರ್ ತೆಗೆಯಿರಿ" ಎಂದು ಊರಿನ ಡಾಕ್ಟರಿಗೆ ನೀವೇ ಹೇಳಿ.